ಬಾಟಲಿಯಲ್ಲಿ ಬಿಳಿಚಿದ ಹಳದಿ ಕೇದರ

ಜನ್ಮದಲ್ಲಿ ಮೀನು ಮುಟ್ಟದ ಮೂವರು ಸೇರಿ ಮೀನಿಗೆ ಅಂಕ ಹಾಕಿದ್ದನ್ನು ನಾನು ಕಂಡಿದ್ದೇನೆ. ತೊಂಬತ್ತರ ದಶಕದಲ್ಲಿ ಶಿರಸಿಯ ಶಾಲೆಯೊಂದರಲ್ಲಿ ನಡೆದ ವಿಜ್ಞಾನ ಪ್ರದರ್ಶನ ಅದು. ತೀರ್ಪುಗಾರರೆಲ್ಲ ಮಾಸ್ತರರೇ: ಸಿದ್ದಾಪುರದವರೊಬ್ಬರು, ಯಲ್ಲಾಪುರದವರೊಬ್ಬರು, ಮೂರನೆಯವನು ಶಿರಸಿಯವನೇ ಆದ ನಾನು. ಮೂವರ ಅಡುಗೆಮನೆಗೂ ಬೆಳ್ಳುಳ್ಳಿ ಸಹ ಬರುತ್ತಿರಲಿಲ್ಲ.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಡಲಿನ ಮೀನುಗಳನ್ನು ಬಾಟಲಿಗಳಲ್ಲಿ ಇಟ್ಟಿದ್ದಳು. ಅವಳ ತಾಯಿ ಕುಮಟಾದಿಂದ ಮೀನು ತಂದು ಶಿರಸಿಯ ಮೀನುಪೇಟೆಯಲ್ಲಿ ಮಾರುತ್ತಿದ್ದರು. ಮೊದಲ ಸ್ಥಾನ ಬಂದವರು ಕಾರವಾರದ ಜಿಲ್ಲಾ ಪ್ರದರ್ಶನಕ್ಕೆ ಹೋಗುತ್ತಿದ್ದರು. ಅವಳಿಗೆ ಅದೇ ಕೊನೆಯ ವರ್ಷ. ಒಂದು ಬಾಟಲಿಯ ಮೇಲೆ, ‘ಹಳದಿ ಕೇದರ. ಟ್ಯೂನಾ ಜಾತಿ. ರೆಕ್ಕೆ ಹಳದಿ ಇರುವುದರಿಂದ ಈ ಹೆಸರು’ ಎಂದು ದುಂಡಗೆ ಬರೆದಿದ್ದಳು. ಒಳಗಿನ ಮರಿಮೀನು ಮಾತ್ರ ಬೇಯಿಸಿದ ಕೆಸುವಿನ ಗೆಡ್ಡೆಯಂತೆ ಬಿಳಿಚಿತ್ತು.

ಮುಚ್ಚಳ ಬಿಗಿದ ಬಾಟಲಿಗೂ ಮೂಗಿಗೆ ಕರವಸ್ತ್ರ ಹಿಡಿದು ಸಿದ್ದಾಪುರದವರು ಬಗ್ಗಿದರು. “ಹಳದಿ ಎಲ್ಲಿದ್ದು ಮಾರಾಯ? ಎಲ್ಲಿಂದ್ಲೋ ನೋಡಿ ಬರದ್ದು.”

“ಔಷಧಿಗೆ ಹಾಕಿದ್ಮೇಲೆ ಬಣ್ಣ ಹೋಗ್ತದೆ ಸರ್,” ಎಂದಳು ಹುಡುಗಿ. “ಅಮ್ಮನ ಬುಟ್ಟಿಯಲ್ಲಿ ಹೊಸದು ಉಂಟು. ಮೀನುಪೇಟೆಗೆ ಬಂದ್ರೆ ತೋರಿಸ್ತೆ.”

ಮೀನುಪೇಟೆ ಐದು ನಿಮಿಷದ ದಾರಿ. ಯಲ್ಲಾಪುರದವರು ನನ್ನ ಕಡೆ ತಿರುಗಿ, “ಅಲ್ಲಿಗೆ ಹೋದ್ರೆ ಮತ್ತೆ ಮೀಯವು. ಎನ್ನ ಬಸ್ಸು ಐದಕ್ಕಿದ್ದು,” ಎಂದರು. ಅವರ ಸ್ನಾನದ ಚಿಂತೆಯಲ್ಲಿ ವಿಜ್ಞಾನ ಅಲ್ಲಿಗೇ ಮುಗಿಯಿತು. ಪ್ರತಿವರ್ಷ ಸೋಡಾಪುಡಿ ಉಕ್ಕಿಸುವ ಮಣ್ಣಿನ ಜ್ವಾಲಾಮುಖಿಗೆ ಮೊದಲ ಸ್ಥಾನ ಕೊಟ್ಟರು.

ಅವರಿಬ್ಬರೂ ಗಣಿತದವರು, ಅವರಿಗೆ ಗೊತ್ತಿರಲಿಲ್ಲ. ಫಾರ್ಮಾಲಿನ್‌ನಲ್ಲಿಟ್ಟರೆ ಬಣ್ಣ ಮಾಸುತ್ತದೆ ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದ ನನಗೆ ಗೊತ್ತಿತ್ತು. ಆದರೆ ಫಲಿತಾಂಶದ ಪಟ್ಟಿಯನ್ನು ನಾಲ್ಕು ಗಂಟೆಗೆ ಆ ಶಾಲೆಯ ಮುಖ್ಯಾಧ್ಯಾಪಕರಿಗೆ ಕೊಡಬೇಕಿತ್ತು. ನಾನು ಯಾವ ಪಟ್ಟಿಯನ್ನೂ ತಡಮಾಡಿ ಕೊಟ್ಟವನಲ್ಲ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಸಹಿ ಹಾಕಿದೆ.

ಮರುದಿನ ಭಾನುವಾರ. ಹತ್ತು ಗಂಟೆಗೆ, ಹುಟ್ಟಿದ ಮೇಲೆ ಮೊದಲ ಸಲ, ಮೀನುಪೇಟೆಗೆ ಹೋದೆ. ಆ ತಾಯಿ ಬುಟ್ಟಿಯ ಮಂಜುಗಡ್ಡೆಯಿಂದ ಮೀನೊಂದನ್ನು ಎತ್ತಿ ಹಿಡಿದರು. ರೆಕ್ಕೆ ಆಗಷ್ಟೇ ಮುರಿದ ಅರಿಸಿನದ ಕೊಂಬಿನ ಬಣ್ಣ. ಹಳದಿ ಕೇದರ ಎನ್ನುವುದು ಇದಕ್ಕೇನಾ ಎಂದು ಕೇಳಿದೆ.

“ಕಣ್ಣಿಗೆ ಕಾಣೂದಿಲ್ವಾ ಮಾಸ್ತರ್ರೇ?” ಎಂದರು.

ಸೋಮವಾರ ಆ ಶಾಲೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಪಟ್ಟಿ ತಿದ್ದಬೇಕೆಂದು ಮುಖ್ಯಾಧ್ಯಾಪಕರನ್ನು ಕೇಳಿದೆ. ಸಮಯಕ್ಕೆ ಸರಿಯಾಗಿ ಕೈಸೇರಿದ್ದರಿಂದ ಅದನ್ನು ಶನಿವಾರ ಸಂಜೆಯ ಬಸ್ಸಿಗೇ ಕಾರವಾರಕ್ಕೆ ಕಳಿಸಿದ್ದೇನೆ ಎಂದು ಅವರು ನನ್ನನ್ನು ಹೊಗಳಿದರು.