ಆರಿಸದೆ ಕೊಟ್ಟ ಮೇಣದಬತ್ತಿಗಳು

ಬ್ರೌನ್ ಟೇಪನ್ನು ಉರುಳೆಯಿಂದ ಎಳೆಯುವಾಗ ಬರುವ 'ಚರ್ರ್' ಸದ್ದು. ಒಂದೆರಡು ವರ್ಷ ನಮ್ಮ ಮಧುಗಿರಿಯ ಮನೆಯಲ್ಲಿ ಬೆಳಗಾಗುತ್ತಿದ್ದುದು ಅದರಿಂದಲೇ. ಹಾಲಿನವನ ಬೆಲ್ಲಿಗೂ ಮುಂಚೆ ಹಿತ್ತಲ ಕೋಣೆಯಿಂದ ಚರ್ರ್, ಹಿಂದೆಯೇ ಹಲ್ಲಿನಿಂದ ಕಚ್ಚಿ ಹರಿದ ಇನ್ನೊಂದು ಸಣ್ಣ ಸದ್ದು. "ಕತ್ತರಿ ಇದೆಯಲ್ಲಮ್ಮ, ಯೂಸ್ ಇಟ್" ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. "ಕತ್ತರಿ ಹುಡುಕೋ ಹೊತ್ತಿಗೆ ಇನ್ನೊಂದು ಡಬ್ಬ ಆಯ್ತದಮ್ಮಾ" ಎಂದು ಅಲ್ಲಿಂದ ಉತ್ತರ ಬರುತ್ತಿತ್ತು.

ಹಿತ್ತಲ ಕೋಣೆಯಲ್ಲಿದ್ದವಳು ನಮ್ಮ ಬಾಡಿಗೆಯವಳು, ಪಾವಗಡದ ಕಡೆ ತಿರುಮಣಿಯ ಹುಡುಗಿ. ಹುಡುಗಿ ಎನ್ನುವುದು ನನ್ನ ವಯಸ್ಸಿನ ಲೆಕ್ಕದಲ್ಲಿ; ಅವಳಿಗೆ ಮೂವತ್ತು ದಾಟಿತ್ತು. ಗಂಡನ ಮನೆ ಬಿಟ್ಟು ಬಂದಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ ಎಷ್ಟೋ ವಿಷಯ ಮರೆತುಹೋಗಿದೆ, ಮೈಂಡ್ ಯುವರ್ ಓನ್ ಬಿಸಿನೆಸ್ ಅನ್ನುವುದು ಮಾತ್ರ ಉಳಿದಿದೆ. ತಿರುಮಣಿಯಲ್ಲಿ ಅವಳಿಗೊಬ್ಬ ಅಣ್ಣ. ಅವರ ಹೊಲವೆಲ್ಲ ಸೋಲಾರ್ ಪಾರ್ಕಿಗೆ ಲೀಸಿಗೆ ಹೋಗಿ, ಅಣ್ಣ ಒಂದು ಜೀಪು ಇಟ್ಟುಕೊಂಡು ಅಲ್ಲಿನ ಕೆಲಸದವರನ್ನು ಓಡಾಡಿಸುತ್ತಿದ್ದ. ಉಣ್ಣಲು ಉಡಲು ಏನೂ ಕೊರತೆ ಇರಲಿಲ್ಲ.

"ಅಲ್ಲಿ ನಂಗೇನೂ ಕೆಲ್ಸ ಇಲ್ಲಮ್ಮಾ" ಎನ್ನುತ್ತಿದ್ದಳು. "ಕಳೆ ಕೀಳಾನ ಅಂದ್ರೆ ಹೊಲಾನೇ ಇಲ್ಲ. ಅತ್ತಿಗೆ ತಟ್ಟೆ ಇಕ್ತಾಳೆ, ನಾನು ಉಣ್ಬೇಕು. ಉಂಡ ತಟ್ಟೇನೂ ಅವಳೇ ತೊಳೀತಾಳೆ, ಒಳ್ಳೇವಳು. ಅದಕ್ಕೇ ಇರಕ್ಕಾಗಲ್ಲ."

ಮೇಣದಬತ್ತಿ ಮಾಡುವುದನ್ನು ಅವಳು ಮೊಬೈಲಿನಲ್ಲಿ ನೋಡಿ ಕಲಿತಳು. ವಿಡಿಯೋದಲ್ಲಿದ್ದವರು ಯಾವ ದೇಶದವರೋ, ಇಂಗ್ಲಿಷ್ ಮೂಗಿನಿಂದ ಬರುತ್ತಿತ್ತು. ಅಲ್ಲಿ ನನ್ನ ಪ್ರವೇಶ. ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಒಂದೊಂದು ವಾಕ್ಯಕ್ಕೂ ವಿಡಿಯೋ ನಿಲ್ಲಿಸಿ ಕನ್ನಡ ಮಾಡಿ ಹೇಳುತ್ತಿದ್ದೆ. ನಲವತ್ತು ವರ್ಷ ಹಪ್ಪಳ, ಸಂಡಿಗೆ, ಗಂಡನ ಟ್ರಾನ್ಸ್‌ಫರ್ ಎಂದು ಕಳೆದ ಮೇಲೆ ನನ್ನ ಇಂಗ್ಲಿಷು ಹೀಗೆ ಒಂದು ಕೆಲಸಕ್ಕೆ ಬಂತಲ್ಲ ಎಂದು ನಿಜವಾಗಿ ಹಿಗ್ಗುತ್ತಿದ್ದೆ.

ನಾವು ಬಳಸುತ್ತಿದ್ದುದು ಸೋಯಾ ಮೇಣ, ಅಂದರೆ ಸೋಯಾ ಅವರೆಯ ಎಣ್ಣೆಯಿಂದ ಮಾಡಿದ್ದು. ಬೆಂಗಳೂರಿನಿಂದ ಮೂಟೆಯಲ್ಲಿ ಬರುತ್ತಿತ್ತು, ನೋಡಲು ತೆಳ್ಳಗೆ ಹೆರೆದ ಕೊಬ್ಬರಿಯ ಹಾಗೆ. ನಮ್ಮನೆಯ ದೊಡ್ಡ ತಪ್ಪಲೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸುವುದು. ಕರಗಿದ್ದು ಸ್ವಲ್ಪ ಆರಿದ ಮೇಲೆ ಸುಗಂಧದ ಎಣ್ಣೆ ಬೆರೆಸಿ, ಬತ್ತಿ ನಿಲ್ಲಿಸಿದ ಗಾಜಿನ ಲೋಟಗಳಿಗೆ ಹೊಯ್ಯುವುದು. ಬತ್ತಿ ವಾಲದಂತೆ ಎರಡೂ ಕಡೆ ನನ್ನ ಹೇರ್‌ಪಿನ್ನು. ಮಧುಗಿರಿಯ ಬೇಸಿಗೆಯಲ್ಲಿ ಬೆಟ್ಟದ ಬಂಡೆ ಕಾದು ಊರಿಗೇ ಶಾಖ ಕೊಡುತ್ತದೆ. ಮಧ್ಯಾಹ್ನ ಹೊಯ್ದರೆ ಮೇಣ ಬೆವರುತ್ತದೆ. ಹಾಗಾಗಿ ಎಲ್ಲ ಕೆಲಸ ಬೆಳಗಿನ ಜಾವಕ್ಕೆ. ಆಮೇಲೆ ಲೋಟಗಳನ್ನು ಉಪ್ಪಿನಕಾಯಿಯ ಹಾಗೆ ಹದಿನೈದು ದಿನ ಕತ್ತಲಲ್ಲಿ ಇಡಬೇಕು, ಪರಿಮಳ ಹೊಂದಿಕೊಳ್ಳಲು.

ಪರಿಮಳದ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಗಿತ್ತು. ನನಗೆ ಲ್ಯಾವೆಂಡರ್ ಬೇಕಿತ್ತು. ಜೀವಮಾನದಲ್ಲಿ ಲ್ಯಾವೆಂಡರ್ ಗಿಡ ಕಂಡವಳಲ್ಲ, ಶಾಲೆಯ ರೀಡರಿನಲ್ಲಿ ಓದಿದ್ದೆ ಅಷ್ಟೇ. ಅವಳು ಮೂಸಿ, "ಇದು ಆಸ್ಪತ್ರೆ ನೆಲ ಒರೆಸಿದಂಗೈತೆ" ಎಂದಳು. ಅವಳು ಆರಿಸಿದ್ದು ದವನ. ಹೂವಿನ ದಿಂಡಿನ ನಡುನಡುವೆ ಕಟ್ಟುತ್ತಾರಲ್ಲ, ಆ ಬೂದುಹಸಿರು ಕುಡಿ. ಅದರ ಎಣ್ಣೆ ತರಿಸಿ ಬೆರೆಸಿದ ದಿನ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಏನೇ, ಮನೆಗೆ ಉತ್ಸವಮೂರ್ತಿ ಬಂದಿದೆಯಾ?" ಎಂದರು. ದವನವೇ ಗೆದ್ದಿತು.

ಮೊದಲ ಟೆಸ್ಟ್ ಬರ್ನ್ ಮಾಡಿದಾಗ ಇನ್ನೊಂದು ತಕರಾರು. ಎಷ್ಟು ಹೊತ್ತಿಗೆ ಎಷ್ಟು ಕರಗುತ್ತದೆ ಎಂದು ನೋಡಿ ಮುಗಿದ ಮೇಲೆ ನಾನು ಬಗ್ಗಿ 'ಉಫ್' ಎಂದು ಊದಿದೆ. ಅವಳು ನನ್ನ ಕೈ ಹಿಡಿದುಬಿಟ್ಟಳು.

"ಅಯ್ಯಯ್ಯೋ, ದೀಪಾನ ಬಾಯಲ್ಲಿ ಊದ್ತಾರೇನಮ್ಮಾ?"

"ದೀಪ ಅಲ್ಲ ಕಣೇ, ಕ್ಯಾಂಡಲ್. ಬರ್ತ್‌ಡೇಲಿ ಊದಲ್ವಾ? ಕರೆಂಟ್ ಹೋದಾಗ ಹಚ್ಚಿದ್ದನ್ನ ಊದಲ್ವಾ?"

"ಅದು ಬರೀ ಮೇಣ. ಇದಕ್ಕೆ ದವನ ಹಾಕಿದೀವಿ."

ಕೊನೆಗೆ ಮುಚ್ಚಳ ಮುಚ್ಚಿ ತಾನಾಗಿ ಶಾಂತವಾಗಲು ಬಿಡುವುದು ಎಂದು ಒಪ್ಪಂದವಾಯಿತು. ಅಂದಿನಿಂದ ಪ್ರತಿ ಲೋಟಕ್ಕೂ ಒಂದು ತಗಡಿನ ಮುಚ್ಚಳ.

ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಮಾರಾಟ. ಅಷ್ಟರಲ್ಲಿ ತಿರುಮಣಿಯ ಅಣ್ಣನಿಗೆ ತಾಳ್ಮೆ ಮುಗಿಯಿತು. ಒಂದು ಭಾನುವಾರ ಬಂದು ನಮ್ಮ ಹಜಾರದಲ್ಲೇ ಕೂತು, ನನ್ನ ಮುಂದೆಯೇ ತಂಗಿಗೆ ಅವರ ಕಡೆಯ ತೆಲುಗು ಬೆರೆಸಿ ಹೇಳಿದ: "ಚಾಲಮ್ಮಾ, ಇನ್ನ ಚಾಲು. ಸಾಕು. ಯಾರ್ ಕೊಳ್ತಾರೆ ಇದ್ನ? ಕರೆಂಟ್ ಇರೋ ಮನೇಗೆ ಮೇಣದಬತ್ತಿ! ನಮ್ಮೂರಿಂದ ದೇಶಕ್ಕೇ ಕರೆಂಟ್ ಹೋಗ್ತೈತೆ, ನೀನು ಇಲ್ಲಿ ಕೂತು ಬತ್ತಿ ಹೊಸೀತಿದ್ದೀಯಾ." ಅವಳು ತಲೆ ಎತ್ತಲಿಲ್ಲ. "ಸಿರಾದಾಗ ಒಂದು ಸೀಮಂತಕ್ಕೆ ಆರ್ಡರ್ ಐತಣ್ಣ, ದೊಡ್ಡದು. ಅದೊಂದು ಮುಗೀಲಿ" ಎಂದಳು. ಅವನು, "ಸರಿ. ಅವತ್ತು ನಾನೇ ಜೀಪ್ ತಗಂಡು ಸಿರಾಕ್ಕೆ ಬತ್ತೀನಿ. ಜನ ಮೆಚ್ಚಿದ್ರೆ ಇರು. ಇಲ್ಲಾಂದ್ರೆ ಅಲ್ಲಿಂದಲೇ ಊರಿಗೆ" ಎಂದ. ಅವಳು ಹೂಂ ಎಂದಳು. ಕೆಟ್ಟ ಮನುಷ್ಯನಲ್ಲ, ತಂಗಿ ಬೇರೆಯವರ ಹಿತ್ತಲಲ್ಲಿ ಇರುವುದು ಅವನಿಗೆ ಅವಮಾನ ಅನಿಸುತ್ತಿತ್ತು.

ಆ ಆರ್ಡರ್ ಬಂದದ್ದು ನನ್ನ ಕಾನ್ವೆಂಟ್ ಗೆಳತಿಯಿಂದ. ಸಿರಾದ ವ್ಯಾಪಾರಸ್ಥ ಲಿಂಗಾಯತರ ಮನೆಗೆ ಸೊಸೆಯಾಗಿ ಹೋದವಳು, ಈಗ ಅವಳ ಸೊಸೆಗೆ ಸೀಮಂತ. "ಬ್ಲೌಸ್ ಪೀಸ್ ಕೊಟ್ಟು ಕೊಟ್ಟು ಸಾಕಾಗಿದೆ ಡಿಯರ್, ಸಮ್‌ಥಿಂಗ್ ಡಿಫರೆಂಟ್" ಎಂದಿದ್ದಳು. ಬಂದ ಹೆಂಗಸರಿಗೆಲ್ಲ ತಾಂಬೂಲದ ಜೊತೆ ಒಂದೊಂದು ದವನದ ಮೇಣದಬತ್ತಿ. ನಾವು ವಾರಗಟ್ಟಲೆ ಹೊಯ್ದೆವು. ಕಾಗದದ ಡಬ್ಬ ಮಡಿಸಿ, ಒಳಗೆ ಒಣಹುಲ್ಲಿನಂಥ ಕಾಗದದ ಎಳೆ ಹಾಸಿ, ಲೋಟ ಇಟ್ಟು, ಕೆಂಪು ದಾರ ಕಟ್ಟಿದೆವು. ಆ ಸಲ ಮುಚ್ಚಳಗಳು ಬಂದವು, ಆದರೆ ಒಂದು ಸೈಜು ಚಿಕ್ಕವು. ವಾಪಸ್ಸು ಕಳಿಸಿ ತರಿಸಲು ಹೊತ್ತಿಲ್ಲ. ಲೋಟದ ಬಾಯಿಗೆ ಬಟ್ಟೆಯ ಟೋಪಿ ಕಟ್ಟಿದೆವು. ಚೆನ್ನಾಗಿಯೇ ಕಂಡಿತು.

ಸೀಮಂತದ ಮಧ್ಯಾಹ್ನ ಇಬ್ಬರೂ ಡಬ್ಬಗಳೊಂದಿಗೆ ಸಿರಾಕ್ಕೆ ಹೋದೆವು. ಬಂದವರು ನೋಡಲಿ ಎಂದು ಗೆಳತಿ ಎಲ್ಲ ಲೋಟಗಳನ್ನೂ ಡಬ್ಬದಿಂದ ತೆಗೆಸಿ, ಟೋಪಿ ಬಿಚ್ಚಿಸಿ, ಬಸುರಿಯ ಮುಂದಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಬಸುರಿ ಹಸಿರು ಸೀರೆ, ಹಸಿರು ಬಳೆ ತೊಟ್ಟು ಕೂತಿದ್ದಳು. ಗೆಳತಿ ತಾಂಬೂಲದ ಚೀಲ ಎಣಿಸಲು ಒಳಗೆ ಹೋದಳು. ಇತ್ತ ಆರತಿಯ ಹಾಡು ಶುರುವಾಯಿತು. ಗೆಳತಿಯ ಓರಗಿತ್ತಿ, ದೊಡ್ಡ ಜೀವದ ಹೆಂಗಸು, ಅಷ್ಟೊಂದು ಬತ್ತಿ ಆರತಿಗೇ ಇಟ್ಟದ್ದೆಂದು ತಿಳಿದು ಒಂದು ಕಡ್ಡಿ ಗೀರಿ ಹಚ್ಚುತ್ತಾ ಹೋದಳು. ಉಳಿದ ಹೆಂಗಸರೂ ಕೈಹಾಕಿದರು. ನಾನು ಎದ್ದು "ವೇಯ್ಟ್, ವೇಯ್ಟ್" ಎನ್ನುವಷ್ಟರಲ್ಲಿ ಮೇಜಿಗೆ ಮೇಜೇ ಬೆಳಗುತ್ತಿತ್ತು. ಹಾಲ್ ತುಂಬ ದವನ. ಹಾಡುವವರು ಹಾಡು ನಿಲ್ಲಿಸಿ ಉಸಿರೆಳೆದುಕೊಂಡರು.

ಆಮೇಲೆ ಗೆಳತಿ ಹೊರಗೆ ಬಂದಳು. ನನ್ನ ಕಡೆ ನೋಡಿ ಪಿಸುಗುಟ್ಟಿದಳು, "ಓ ಮೈ ಗಾಡ್. ಅವು ರಿಟರ್ನ್ ಗಿಫ್ಟ್!"

"ಈಗ ಆರಿಸಿ ಕೊಡೋದಾ?" ಎಂದೆ. ಆ ಮಾತು ಬಾಯಿಂದ ಬಿದ್ದದ್ದೇ ಹತ್ತಿರದವರೆಲ್ಲ ತಿರುಗಿ ನೋಡಿದರು. ಬಸುರಿ ಹೆಂಗಸಿನ ಮುಂದೆ, ಆರತಿಗೆ ಹಚ್ಚಿದ ದೀಪ. ಯಾರು ಆರಿಸುತ್ತಾರೆ? ಮುಚ್ಚಿ ಶಾಂತ ಮಾಡೋಣವೆಂದರೆ ಈ ಸಲ ಮುಚ್ಚಳಗಳೂ ಇಲ್ಲ. ಓರಗಿತ್ತಿ, ಹಚ್ಚಿದವಳು ಅವಳೇ, ಕೈ ಹಿಂದಕ್ಕೆ ಕಟ್ಟಿಕೊಂಡಳು. ನನಗೂ ಧೈರ್ಯವಾಗಲಿಲ್ಲ, ಕಾನ್ವೆಂಟ್ ಎಲ್ಲ ಅವತ್ತು ಕೆಲಸಕ್ಕೆ ಬರಲಿಲ್ಲ. ಬಾಗಿಲ ಹೊರಗೆ ಅಣ್ಣನ ಜೀಪು ಆಗಲೇ ಬಂದು ನಿಂತಿತ್ತು. ನಮ್ಮ ಹುಡುಗಿ ಗೋಡೆಗೆ ಒರಗಿ, ಕೊಡುವ ಮೊದಲೇ ಉರಿದು ಇಳಿಯುತ್ತಿದ್ದ ತನ್ನ ಮೇಣವನ್ನು ನೋಡುತ್ತಾ ನಿಂತಿದ್ದಳು.

ಆಗ ಮಾತಾಡಿದ್ದು ಬರಗೂರಿನ ಅಜ್ಜಿ. ಕುರುಬರ ಮನೆಯವಳು, ಆ ಮನೆಗೆ ಎಷ್ಟೋ ವರ್ಷದಿಂದ ತುಪ್ಪ ತಂದುಕೊಡುವವಳು, ಸೀಮಂತಕ್ಕೂ ಕರೆದಿದ್ದರು. "ಅದೇನ್ ಮಕ ಮಕ ನೋಡ್ಕಂಡ್ ನಿಂತಿದ್ದೀರಿ? ಇಂಗೇ ಕೊಟ್ಬುಡಿ. ನಂಗೆ ಬಸ್ ಹೊಂಟೋಯ್ತದೆ" ಎಂದು ಒಂದು ಉರಿಯುವ ಲೋಟ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ತಾಂಬೂಲ ಹಿಡಿದು ನಡೆದೇಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಸಂಜೆಯ ಬೀದಿಯಲ್ಲಿ, ಸೆರಗು ಮರೆ ಮಾಡಿಕೊಂಡು, ಉರಿಯುವ ಲೋಟಗಳೊಂದಿಗೆ ರೇಷ್ಮೆ ಸೀರೆಯ ಹೆಂಗಸರು. ಎದುರಿನ ಬೇಕರಿಯವನು ಅಂಗಡಿ ಬಿಟ್ಟು ಇಳಿದು ಬಂದು, "ಕ್ಯಾ ಹೈ ಅಮ್ಮಾ, ಏನಿದು, ಎಷ್ಟು ಖುಷ್ಬೂ!" ಎಂದು ಕೇಳುತ್ತಿದ್ದ.

ನಾವು ಬಸ್‌ಸ್ಟ್ಯಾಂಡಿಗೆ ಬಂದಾಗ ಬರಗೂರಿನ ಬಸ್ಸಿನ ಬಾಗಿಲಲ್ಲಿ ಕಂಡಕ್ಟರಿಗೂ ಅಜ್ಜಿಗೂ ಜಗಳ ನಡೆಯುತ್ತಿತ್ತು.

"ಬೆಂಕಿ ತಗಂಡು ಬಸ್ ಹತ್ತಂಗಿಲ್ಲ ಕಣಜ್ಜಿ. ಆರ್ಸು."

"ನಿನ್ ಹೆಂಡ್ತಿ ಸೀಮಂತದಾಗೆ ದೀಪ ಆರ್ಸಿದ್ರೇನ್ಲಾ?"

"ನಂಗಿನ್ನೂ ಮದ್ವೇನೇ ಆಗಿಲ್ಲ."

"ಅದ್ಕೇ ಆಗಿಲ್ಲ."

ಬಸ್ಸಿನೊಳಗಿದ್ದವರೆಲ್ಲ ನಕ್ಕರು. ಆದರೂ ಕಂಡಕ್ಟರ್ ಹತ್ತಿಸಲಿಲ್ಲ, ಹತ್ತಿಸಬಾರದು ಕೂಡ. ಬಸ್ಸು ಹೋಯಿತು. ಅಜ್ಜಿ ಲೋಟ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಳು. ಹಿಂದೆಯೇ ಜೀಪಿನಲ್ಲಿ ಬಂದ ಅಣ್ಣ ಇದನ್ನೆಲ್ಲ ನೋಡಿದ. ತಂಗಿಯ ಮುಖ ನೋಡಿದ. "ಹತ್ತಜ್ಜಿ, ನಾನೂ ಆ ಕಡೇನೇ" ಎಂದ. ತಿರುಮಣಿಗೆ ಹೋಗುವವನಿಗೆ ಅದು ಸುತ್ತು. ತಂಗಿಯೂ ಹತ್ತಿದಳು; ಕೊಡುವ ಮೊದಲೇ ಉರಿದ ಬತ್ತಿಯನ್ನು ಜನ ಮೆಚ್ಚಿದರು ಎನ್ನಲಾದೀತೇ, ಹಾಗಾದರೆ ಊರಿಗೆ ಎನ್ನುವುದು ಮೊದಲೇ ಆಗಿದ್ದ ಮಾತು. ನನ್ನನ್ನು ಗೆಳತಿಯ ಕಾರಿನಲ್ಲಿ ಮಧುಗಿರಿಗೆ ಬಿಟ್ಟರು. ಹಿತ್ತಲ ಕೋಣೆಗೆ ನಾನೇ ಬೀಗ ಹಾಕಿದೆ. ಇನ್ನೇನು, ಮುಗಿಯಿತು ಎಂದುಕೊಂಡೆ.

ಎರಡು ದಿನ ಬಿಟ್ಟು ಅದೇ ಜೀಪಿನಲ್ಲಿ ಅವಳು ವಾಪಸ್ಸು ಬಂದಳು. ದಾರಿಯುದ್ದಕ್ಕೂ ಅಜ್ಜಿ ಅಣ್ಣನನ್ನು ಸುಮ್ಮನೆ ಬಿಟ್ಟಿರಲಿಲ್ಲವಂತೆ. "ಇಂಥಾ ಕೈ ಇರೋಳ್ನ ಯಾಕ್ಲಾ ಕರ್ಕಂಡೋಗ್ತೀಯ? ನಿಮ್ಮೂರಾಗೆ ಬಿಸ್ಲಿಗೆ ಹಾಕವ್ರಲ್ಲ, ಆ ಕನ್ನಡಿ ಒರ್ಸಕ್ಕಾ?" ಎಂದಳಂತೆ. ಅಣ್ಣ ಮೊದಲು ಸಿಟ್ಟಾದ, ಬರಗೂರು ಬರುವ ಹೊತ್ತಿಗೆ ನಕ್ಕ. ಹೆಚ್ಚಿಗೆ ಬೇಕಾದೀತೆಂದು ಅವಳು ಚೀಲದಲ್ಲೇ ಇಟ್ಟುಕೊಂಡಿದ್ದ ಬತ್ತಿಯೊಂದನ್ನು ಅವನ ಮನೆಯಲ್ಲೂ ಹಚ್ಚಿದರಂತೆ. "ಅತ್ತಿಗೇನೇ ಅಂದ್ಲಮ್ಮಾ, ಅವಳನ್ನ ಬುಟ್ಬುಡಿ, ಅವಳ ಪಾಡಿಗೆ ಮಾಡ್ಕಳ್ಳಿ ಅಂತ" ಎಂದಳು. ಅಣ್ಣ ನನ್ನ ಮುಂದೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಇರ್ಲಿ ಬುಡಿ ಅಮ್ಮಾ. ಮೆಚ್ಚವ್ರಲ್ಲ ಜನ" ಎಂದಷ್ಟೇ ಹೇಳಿ ಎದ್ದ.

ಆ ಹೆಂಗಸರು ಉರಿಯುವ ದೀಪ ಹಿಡಿದು ಎಷ್ಟು ಬೀದಿ ದಾಟಿದ್ದರೋ, ಅಷ್ಟು ಬೀದಿಯವರೂ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಸಿರಾದಿಂದ ಆರ್ಡರ್ ಬಂತು, ಬರಗೂರಿನಿಂದ ಬಂತು, ಕೊಳಾಲದ ಒಂದು ಮದುವೆಮನೆಯಿಂದಲೂ ಫೋನು ಬಂತು. ನಮ್ಮ ಹಿತ್ತಲ ಕೋಣೆ ಸಾಲದಾಯಿತು. ಮಾರನೆಯ ವರ್ಷ ಅವಳು ಸಿರಾದಲ್ಲೇ, ಹೈವೇ ಹತ್ತಿರ ಒಂದು ಮಳಿಗೆ ಹಿಡಿದಳು. ಅದು ಸರಿಯಾದ ನಿರ್ಧಾರ, ನಾನೂ ಹಾಗೇ ಹೇಳಿದೆ. ಹೋಗುವ ದಿನ ಕೋಣೆ ಗುಡಿಸಿ, ಸಾರಿಸಿ, ಕೀ ನನ್ನ ಕೈಗೆ ಕೊಟ್ಟಳು. ತಪ್ಪಲೆ ತೊಳೆದು ಬೋರಲು ಹಾಕಿದ್ದಳು. ನಮ್ಮ ಯಜಮಾನರಿಗೆ ಈಗ ಸೀನು ಬರುವುದಿಲ್ಲ, ಅಷ್ಟೊಂದು ಸುಗಂಧ ಇಲ್ಲವಲ್ಲ. ಆದರೂ ಬೆಳಿಗ್ಗೆ ಒಂದು ಸಲ ಹಿತ್ತಲ ಕಡೆ ಹೋಗಿ ಬರುತ್ತಾರೆ, ಯಾಕೆ ಎಂದು ಕೇಳಿದರೆ "ಸುಮ್ಮನೆ" ಎನ್ನುತ್ತಾರೆ.

ಈಗ ಫೋನಿನಲ್ಲಿ ಮಾತ್ರ. ಹಬ್ಬಕ್ಕೆ ಒಂದು ವಾಯ್ಸ್ ಮೆಸೇಜ್ ಬರುತ್ತದೆ, ಹಿನ್ನೆಲೆಯಲ್ಲಿ ಯಾರೋ ಹೆಂಗಸರ ಮಾತು.

ಅವಳನ್ನು ಕಡೆಯ ಬಾರಿ ನೋಡಿದ್ದು ಕೊರಟಗೆರೆಯಲ್ಲಿ. ಕಣ್ಣಿನ ಡಾಕ್ಟರಿಗೆ ತೋರಿಸಲು ನಾನು ತುಮಕೂರಿಗೆ ಹೊರಟಿದ್ದೆ, ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಕಿಟಕಿಯ ಆಚೆ ಒಂದು ಲಗೇಜ್ ಆಟೋ, ಅದರ ತುಂಬ ರಟ್ಟಿನ ಪೆಟ್ಟಿಗೆ. ಅವಳು ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಹಗ್ಗದ ತುದಿ ಹಿಡಿದು ಆಟೋದವನನ್ನು ಜೋರು ಮಾಡುತ್ತಿದ್ದಳು: "ಲೇ, ಅದರ ಮ್ಯಾಲೆ ಕೂರಬೇಡ ಕಣ್ಲಾ. ಇಳೀ, ಕೆಳಗಿಳೀ. ನೀನು ಮುಂದ್ಗಡೆ ಕೂತ್ಕ, ನಾನು ಹಿಂದೆ ಇರ್ತೀನಿ." ನಾನು ಕಿಟಕಿಯ ಗಾಜು ತಟ್ಟಿದೆ. ಸರಿಸಲು ನೋಡಿದೆ, ಅದು ಬಿಗಿದುಕೊಂಡಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಟೋದ ಹಿಂಬದಿಗೆ ಹತ್ತಿ, ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಆಟೋ ಸಿರಾದ ಕಡೆ ತಿರುಗಿತು. ನಮ್ಮ ಡ್ರೈವರ್ ಇನ್ನೂ ಟೀ ಕುಡಿಯುತ್ತಿದ್ದ.