ಇಪ್ಪತ್ತು ಅಕ್ಷರದಾಚೆಯ ಹಟ್ಟಿ

1976ರ ಜೂನ್ 14, ಸೋಮವಾರ, ಬೆಳಿಗ್ಗೆ 10.40. ಬೆಂಗಳೂರಿನ ಕಂಪ್ಯೂಟರ್ ಕೇಂದ್ರದ ಕಾಗದದ ಕಟ್ಟೊಂದು ಚಿತ್ರದುರ್ಗದ ನಮ್ಮ ಕಚೇರಿಗೆ, ನನ್ನ ಮೇಜಿಗೆ ಬಂತು. ಆಗ ನನಗೆ ಇಪ್ಪತ್ತಮೂರು ವರ್ಷ; ಅಂಕಿಅಂಶ ಸಹಾಯಕನಾಗಿ ಏಳು ತಿಂಗಳಾಗಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕುಡಿಯುವ ನೀರಿಗೆ ದೂರ ನಡೆಯುವ ಊರುಗಳನ್ನೂ ಕುರಿ ಸಾಕುವವರ ಹಟ್ಟಿಗಳನ್ನೂ ನಾವು ಪಟ್ಟಿ ಮಾಡಿ ಕಳಿಸಿದ್ದೆವು. ಪಟ್ಟಿಯಲ್ಲಿ ಉಳಿದ ಪ್ರತಿ ಹೆಸರಿಗೂ ಒಂದು ಬೋರ್‌ವೆಲ್.

ಬೆಂಗಳೂರಿನಲ್ಲಿ ಒಂದೊಂದು ಹೆಸರನ್ನೂ ಒಂದೊಂದು ಕಾರ್ಡಿನ ಮೇಲೆ ತೂತುಗಳಾಗಿ ಹೊಡೆದು ಯಂತ್ರಕ್ಕೆ ಕೊಡುತ್ತಿದ್ದರು. ಒಟ್ಟು 412 ಕಾರ್ಡು. ಯಂತ್ರ ಎರಡು ಬಗೆಯ ತಕರಾರು ಅಚ್ಚು ಮಾಡಿತ್ತು. ‘ಎರರ್’ ಎಂದರೆ ಕಾರ್ಡನ್ನು ಅದು ತೆಗೆದುಕೊಂಡೇ ಇಲ್ಲ. ‘ವಾರ್ನಿಂಗ್’ ಎಂದರೆ ತೆಗೆದುಕೊಂಡಿದೆ, ಆದರೆ ಒಮ್ಮೆ ನೋಡಿ ಎನ್ನುತ್ತಿದೆ. ಎರರ್ 19, ವಾರ್ನಿಂಗ್ 86.

“ಎರರ್ ನೋಡೋ ಮೊದ್ಲು,” ಎಂದರು ನಮ್ಮ ಸೂಪರಿಂಟೆಂಡೆಂಟ್ ರುದ್ರಪ್ಪನವರು. “ವಾರ್ನಿಂಗ್ ಅಂದ್ರೇನಪ್ಪ? ಮೆಮೊ ಇದ್ದಂಗೆ. ನನ್ನ ಸರ್ವಿಸಿನಾಗೆ ನಾಕು ವಾರ್ನಿಂಗ್ ಅವೆ. ಒಂದಾದ್ರೂ ನನ್ನ ಬಡ್ತಿ ತಡೀತಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಸರ್ಕಾರಿ ನೌಕರನಿಗೆ ವಾರ್ನಿಂಗ್ ಎಂದರೆ ರುಜು ಹಾಕಿ ಫೈಲಿಗೆ ಸೇರಿಸುವ ಕಾಗದ. ವಾರ್ನಿಂಗ್‌ಗಳಿದ್ದ ಆರು ಹಾಳೆಗಳ ಕೆಳಗೂ ‘ನೋಡಿದೆ’ ಎಂದು ಬರೆದು, ಇನಿಷಿಯಲ್ ಹಾಕಿ, ಫೈಲಿಗೆ ಸೇರಿಸಿದೆ. ಹತ್ತೊಂಬತ್ತು ಎರರ್‌ಗಳಿಗೆ ಮಾತ್ರ ನಾಲ್ಕು ದಿನ ಕೂತೆ. ಜೂನ್ 18ರ ಡೈರಿಯಲ್ಲಿ ಹೀಗಿದೆ: “ಉಳಿದ ತಪ್ಪು: ಸೊನ್ನೆ.”

ಅಕ್ಟೋಬರ್ 5, ಮಂಗಳವಾರ, ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯಿಂದ ಚಿತ್ತಯ್ಯ ಎಂಬ ಹಿರಿಯರು ಬಂದರು. ಹೆಗಲ ಮೇಲೆ ಕಂಬಳಿ. ಅಲ್ಲಿ ಎರಡು ಹಟ್ಟಿ, ನಡುವೆ ಹಳ್ಳ, ಇವರದು ಮೇಲಿನದು.

“ಕುಂತ್ಕಳ್ರಿ ಯಜಮಾನ್ರೆ,” ಎಂದೆ. ಕೂರಲಿಲ್ಲ.

“ಬೋರ್ ಲಾರಿ ಕೆಳಗಿನ ಹಟ್ಟಿಗೆ ಬಂದು ಕೊರ್ದು ಹೊಂಟೋತು. ನಿಮ್ಮ ಹೆಸ್ರೇ ಇಲ್ಲ ಅಂದ್ರು. ನೀವೇ ಬಂದು ಮನೆ ಎಣಿಸಿದ್ರಿ ಸ್ವಾಮಿ, ನಮ್ಮನೆ ಮಜ್ಜಿಗೆ ಕುಡಿದ್ರಿ. ಈಗ ನಮ್ಮ ಹಟ್ಟಿ ಎಲ್ಲೋತು?”

ಮಜ್ಜಿಗೆ ಕುಡಿದದ್ದೂ ಡೈರಿಯಲ್ಲಿತ್ತು: ಮನೆ 31, ನೀರಿಗೆ ಎರಡೂವರೆ ಕಿಲೋಮೀಟರು. ಫೈಲು ತೆಗೆದೆ. ನಮ್ಮ ಕಡೆ ಮೊದಲು ಊರು, ಆಮೇಲೆ ಹಟ್ಟಿ, ಕೊನೆಗೆ ಮೇಲಿನದೋ ಕೆಳಗಿನದೋ ಎಂದು ಬರೆಯುವುದು ರೂಢಿ. ಯಂತ್ರದಲ್ಲಿ ಹೆಸರಿಗಿದ್ದ ಜಾಗ ಇಪ್ಪತ್ತು ಇಂಗ್ಲಿಷ್ ಅಕ್ಷರ. ‘ಮಾಡದಕೆರೆ ಗೊಲ್ಲರಹ’ ಎನ್ನುವಷ್ಟಕ್ಕೆ ಇಪ್ಪತ್ತೂ ಮುಗಿದಿತ್ತು. ಮೇಲಿನದು, ಕೆಳಗಿನದು ಎರಡೂ ಕತ್ತರಿಸಿಹೋಗಿ, ಎರಡು ಹಟ್ಟಿ ಒಂದಾಗಿದ್ದವು. ಯಂತ್ರ ಅದನ್ನು ಮುಚ್ಚಿಡಲಿಲ್ಲ. ನಾಲ್ಕನೆಯ ಹಾಳೆಯಲ್ಲಿ ಸ್ಪಷ್ಟವಾಗಿ ಹೇಳಿತ್ತು: ಹೆಸರು ತುಂಡಾಗಿದೆ, ಹಿಂದಿನ ಹೆಸರೂ ಇದೇ, ಎರಡನ್ನೂ ಸೇರಿಸಿದೆ. ಅದರ ಕೆಳಗೆ ನನ್ನ ಕೈಬರಹ: ‘ನೋಡಿದೆ’.

“ಏನ್ ಬರ್ದೈತೆ?” ಎಂದು ಚಿತ್ತಯ್ಯ ಕೇಳಿದರು. ಓದಿ ಹೇಳಿದೆ.

“ಹಂಗಾರೆ ಮಿಷನ್ನು ಕೂಗಿ ಹೇಳೈತಲ್ಲಪ್ಪ!” ಎಂದರು. “ಕುರಿ ಎಣಿಸಿ ರೊಪ್ಪಕ್ಕೆ ಬಿಡ್ವಾಗ ಎಲ್ಡು ಒಂದೇ ಸಲ ನುಗ್ಗಿದ್ರೆ ಯಾರಾರ ಒಬ್ರು ಕೂಗ್ತೀವಿ. ಕೂಗಿದ್ಮೇಲೆ ತಿರುಗಿ ಎಣಿಸ್ತೀವಿ. ನೀವು ಎಣಿಸ್ಲಿಲ್ವಾ?”

ಅಂದೇ ಉಳಿದ 85 ವಾರ್ನಿಂಗ್‌ಗಳನ್ನೂ ನೋಡಿದೆ. ಇನ್ನೂ ಮೂರು ಜೋಡಿ ಹಟ್ಟಿಗಳು ಹೀಗೆಯೇ ಒಂದಾಗಿದ್ದವು. ಬೆಂಗಳೂರಿಗೆ ಬರೆದ ತಿದ್ದುಪಡಿ ಪತ್ರಕ್ಕೆ ರುಜು ಹಾಕುವಾಗ ರುದ್ರಪ್ಪನವರು, “ಅವತ್ತು ನಾನು ತಮಾಷೆ ಮಾಡಬಾರದಿತ್ತು ಕಣಪ್ಪ,” ಎಂದರು. ತಮಾಷೆ ಅವರದು, ‘ನೋಡಿದೆ’ ಎಂದು ಸುಳ್ಳು ಬರೆದವನು ನಾನು.

ಆ ಸಲದ ಪಟ್ಟಿ ಮುಗಿದಿದೆ, ಮುಂದಿನದರಲ್ಲಿ ಸೇರಿಸುತ್ತೇವೆ ಎಂದು ಉತ್ತರ ಬಂತು. ಮೇಲಿನ ಹಟ್ಟಿಯಲ್ಲಿ ನೀರು ಬಂದದ್ದು 1978ರ ಮಾರ್ಚ್ 11ರಂದು. ನಾನೂ ಹೋಗಿದ್ದೆ. ಅಭ್ಯಾಸಬಲದಿಂದ ಮನೆ ಎಣಿಸಿದೆ. ಇಪ್ಪತ್ತೆರಡು. ತಿರುಗಿ ಎಣಿಸಿದೆ. ಇಪ್ಪತ್ತೆರಡೇ. ಒಂಬತ್ತು ಮನೆಗಳಿಗೆ ಸೂರಿರಲಿಲ್ಲ, ಗೋಡೆಗಳಷ್ಟೇ ನಿಂತಿದ್ದವು. ಅವುಗಳಲ್ಲೊಂದು ನಾನು ಮಜ್ಜಿಗೆ ಕುಡಿದ ಮನೆ.

“ಚಿತ್ತಜ್ಜನ ಸೊಸೆ ಬಸುರಿ ಇದ್ಲು. ಹಳ್ಳ ಇಳ್ದು ಹತ್ತಿ ಎಷ್ಟು ದಿನ ನೀರು ಹೊರ್ತಾಳೆ?” ಎಂದಳು ಪಂಪಿನ ಬಳಿ ಕೊಡ ತೊಳೆಯುತ್ತಿದ್ದ ಹೆಂಗಸು. “ಒಂಬತ್ತು ಮನೆಯೋರೂ ಕುರಿ ಹೊಡ್ಕಂಡು ಹಿರಿಯೂರು ಕಡೆಗೆ ಹೋದ್ರು. ಎಲ್ಲವರೋ ಕಾಣೆ.”

ಈಗ 1979. ಕಂಪ್ಯೂಟರಿನ ಯಾವ ಕಟ್ಟು ಬಂದರೂ ಮೊದಲು ವಾರ್ನಿಂಗ್ ಹಾಳೆ ಬಿಚ್ಚುತ್ತೇನೆ. ಎರರ್ ತಾನೇ ಅಡ್ಡ ನಿಂತು ಕೆಲಸ ನಿಲ್ಲಿಸುತ್ತದೆ. ವಾರ್ನಿಂಗ್ ಒಂದು ಸಲ ಹೇಳಿ ದಾರಿ ಬಿಡುತ್ತದೆ. ಕೇಳಿಸಿಕೊಳ್ಳುವ ಕೆಲಸ ನಮ್ಮದು. ಇದನ್ನು ಕಲಿಯಲು ನನಗೆ ಒಂಬತ್ತು ಮನೆ ಬೇಕಾಯಿತು.

ಆ ಒಂಬತ್ತು ಯಜಮಾನರ ಹೆಸರುಗಳು ನನ್ನ ಡೈರಿಯಲ್ಲಿವೆ. ಮಾಡದಕೆರೆ ಮೇಲಿನ ಹಟ್ಟಿಯಿಂದ ಬಂದವರು ಹಿರಿಯೂರು ಸೀಮೆಯಲ್ಲಿ ಎಲ್ಲಿ ನೆಲೆಸಿದ್ದಾರೆ, ಅಲ್ಲಿ ನೀರು ಎಷ್ಟು ದೂರ ಎಂದು ತಿಳಿದವರು ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಬರೆಯಿರಿ. ಊರಿನ ಹೆಸರು ಎಷ್ಟೇ ಉದ್ದವಿದ್ದರೂ ದಯವಿಟ್ಟು ಪೂರ್ತಿ ಬರೆಯಿರಿ.