ಕೈಬರಹದ ಪತ್ರಿಕೆ ಮ್ಯಾನೇಜರರ ಮನೆಗೆ ಹೋದದ್ದು

ಯುದ್ಧದ ಕಾಲದಲ್ಲಿ ಮುಳ್ಳೇರಿಯದ ಹತ್ತಿರದ ಒಂದು ಶಾಲೆಗೆ ನಾನು ಮಾಷ್ಟ್ರಾಗಿ ಸೇರಿದೆ. ಬರೆದದ್ದನ್ನು ಓದಿ ಹೇಳಲು ಎರಡು ವರ್ಷ ಒಂದು ನರಪಿಳ್ಳೆಯೂ ಸಿಗಲಿಲ್ಲ. ಶಾಲೆಯ ಪಕ್ಕದ ಕೋಣೆಯಲ್ಲಿ ಕೂತು ಗೋಡೆಗೆ ಓದಿ ಹೇಳುತ್ತಿದ್ದೆ. ಹೀಗೇ ಆದರೆ ಒಂದು ದಿನ ಗೋಡೆ ಉತ್ತರ ಕೊಟ್ಟೀತು ಎಂದು ನಿಜಕ್ಕೂ ಹೆದರಿದ್ದೆ.

ಆಗ ಸಿಕ್ಕಿದವರು ಬೋವಿಕಾನದ ಒಬ್ಬ ಕಂಪೌಂಡರು. ಮದ್ದು ಕೊಡುವುದು ಅವರ ಕೆಲಸ, ಕೈಬರಹದ ಪತ್ರಿಕೆ ಅವರ ಹುಚ್ಚು. ನಾವು ನಾಲ್ಕೈದು ಮಂದಿ ಬರೆದುಕೊಟ್ಟದ್ದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಹೊಲಿಯುತ್ತಿದ್ದರು. ಕಾಗದಕ್ಕೆ ಬರ, ಹಾಗಾಗಿ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಬೇಕು. ಓದಿದವರು ಕೊನೆಯ ಖಾಲಿ ಹಾಳೆಗಳಲ್ಲಿ ಅಭಿಪ್ರಾಯ ಬರೆಯಬೇಕು. "ಚೆನ್ನಾಗಿದೆ" ಎಂಬ ಒಂದು ಶಬ್ದಕ್ಕೆ ನಾನು ತಿಂಗಳುಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ.

ಆ ಸಲ ಒಬ್ಬ ವಿಧವೆಯ ಕತೆ ಕೊಟ್ಟಿದ್ದೆ. ಬರೆದವನ ಹೆಸರು ಸುಳ್ಳು, ವಿಧವೆ ಸುಳ್ಳಲ್ಲ. ಆಕೆ ನಮ್ಮ ಶಾಲೆಯ ಒಡೆಯರಾದ ಮ್ಯಾನೇಜರರ ಅಕ್ಕ. ಕಾಗದಪತ್ರಗಳಿಗೆ ಸಹಿ ಹಾಕಿಸಲು ಹೋದಾಗಲೆಲ್ಲ ಅವರು ಆಕೆಯನ್ನು ಆಳಿಗಿಂತ ಕಡೆಯಾಗಿ ಗದರುವುದನ್ನು ನೋಡಿದ್ದೆ. ಕತೆಯ ಕೊನೆಗೆ ಆಕೆಯನ್ನು ಬಾವಿಗೆ ಹಾರಿಸಿದ್ದೆ.

ಒಂದು ದಿನ ಕಂಪೌಂಡರು ನಗುತ್ತ ಹೇಳಿದರು: "ಈ ಸಲ ಮೊದಲು ನಿಮ್ಮ ಮ್ಯಾನೇಜರರ ಮನೆಗೇ ಕಳಿಸಿದ್ದು ಮಾರಾಯ್ರೆ. ಕತೆ ನಿಮ್ಮದು ಅಂತ ಚೀಟಿ ಸಹ ಇಟ್ಟಿದ್ದೇನೆ. ನಿಮಗೊಂದು ಉಪಕಾರ ಆಗ್ಲಿ ಅಂತ."

ಉಪಕಾರವಂತೆ! "ಎಂತ ಮಾಡಿದ್ರಿ ನೀವು!" ಎಂದದ್ದಷ್ಟೇ ನೆನಪು. ಮ್ಯಾನೇಜರರು ಬಾಯಿಮಾತಿನಲ್ಲಿ "ನಾಳೆಯಿಂದ ಬರಬೇಡಿ" ಎಂದರೆ ನನ್ನ ಕೆಲಸ ಮುಗಿಯಿತು. ಎಂಟು ದಿನ ಆ ಮಾತನ್ನೇ ಕಾಯುತ್ತ ಪಾಠ ಮಾಡಿದೆ. ಅಂಗಳದಲ್ಲಿ ಯಾರಾದರೂ ಕೆಮ್ಮಿದರೆ ಕೈಯ ಸೀಮೆಸುಣ್ಣ ಜಾರುತ್ತಿತ್ತು.

ಒಂಬತ್ತನೆಯ ದಿನ ಮ್ಯಾನೇಜರರೇ ಬಂದರು, ಕಂಕುಳಲ್ಲಿ ಪತ್ರಿಕೆ. "ನನಗೆಲ್ಲಿ ಪುರುಸೊತ್ತು ಉಂಟು ಮಾಷ್ಟ್ರೆ! ಅಕ್ಕ ಓದಿದ್ಲು, ಎರಡೆರಡು ಸಲ. ಎಂತದೋ ಬರೆದಿದ್ದಾಳೆ, ನೋಡಿ" ಎಂದು ಮೇಜಿನ ಮೇಲಿಟ್ಟು ಹೋದರು.

ಕೊನೆಯ ಹಾಳೆಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರ: "ನಾನು ಬಾವಿಗೆ ಹಾರಿಲ್ಲ. ಕಟ್ಟೆಯವರೆಗೆ ಹೋಗಿ ವಾಪಸು ಬಂದೆ. ಯಾಕೆ ಬಂದೆ ಅಂತ ಬರೆಯುವುದು ಕಷ್ಟ. ನೀವು ಸುಲಭದ್ದು ಬರೆದಿದ್ದೀರಿ."

ನನ್ನ ಕೆಲಸ ಉಳಿದಿತ್ತು, ಹೆದರಿಕೆ ಮಾತ್ರ ಇಮ್ಮಡಿಯಾಯಿತು. ಆ ಹಾಳೆ ಮುಂದಿನ ಮನೆಗೆ ಹೋದರೆ ಆಕೆಯ ಗತಿ ಏನು? ತಮ್ಮ ಅದನ್ನು ಬಿಡಿಸಿ ನೋಡದೆ ತಂದದ್ದೇ ಪುಣ್ಯ. ಹಾಳೆಯನ್ನು ಹರಿದು, ಬಾಯಿಪಾಠ ಆಗುವವರೆಗೆ ಓದಿ, ಒಲೆಗೆ ಹಾಕಿದೆ. ಆಮೇಲೆ ಆ ಕತೆಯನ್ನು ಏಳೆಂಟು ಸಲ ತಿದ್ದಿ ಬರೆದೆ. ಸಹಿಗೆಂದು ಆ ಮನೆಗೆ ಹೋಗುತ್ತಲೂ ಇದ್ದೆ. ಯಾಕೆ ವಾಪಸು ಬಂದಿರಿ ಎಂದು ಆಕೆಯನ್ನು ಕೇಳುವ ಧೈರ್ಯ ಒಂದು ದಿನವೂ ಬರಲಿಲ್ಲ.